ಇಂಟೇಕ್ ವಾಲ್ವಿನ ಕಾರ್ಬನ್ ಮನೆಯಲ್ಲೇ ತೆಗೆಯುವುದು: ಯಾವುದಾದ ಮೇಲೆ ಯಾವುದು

ಎಂಜಿನ್ನಿನ ಸಿಲಿಂಡರಿಗೆ ಗಾಳಿ ಬಿಡುವ ಕವಾಟವೇ ಇಂಟೇಕ್ ವಾಲ್ವ್. ಅದಕ್ಕೆ ಹಿಡಿದ ಕಾರ್ಬನ್ ಮಸಿಯನ್ನು ಮನೆಯಲ್ಲಿ ತೊಳೆಯಲು ಹೋದವರು ಕೆಡಿಸಿಕೊಳ್ಳುವುದು ಬಹುತೇಕ ಒಂದೇ ಥರ. ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ನೋಡದೆ ಕ್ಲೀನರ್ ಸುರಿಯುತ್ತಾರೆ. ಅದು ಸೀದಾ ಸಿಲಿಂಡರಿಗೆ ಇಳಿಯುತ್ತದೆ. ಸಂಜೆ ಎಲ್ಲ ಜೋಡಿಸಿ ಸೆಲ್ಫ್ ಹೊಡೆದರೆ ಎಂಜಿನ್ ಟಕ್ ಎಂದು ಕಚ್ಚಿಕೊಂಡು ನಿಲ್ಲುತ್ತದೆ. ಇನ್ನು ಕೆಲವರು ಟ್ಯಾಂಕಿಗೆ ಹಾಕುವ ಡಬ್ಬಿ ತಂದು ಪೆಟ್ರೋಲಿಗೆ ಬೆರೆಸಿ, ಮೂರು ತಿಂಗಳಾದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನ ಎಂಜಿನ್ ನಡುಕ ಹೋಗಲಿಲ್ಲ ಎಂದು ಗೊಣಗುತ್ತಾರೆ. ಮತ್ತೆ ಕೆಲವರು ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಗೆ ಜೋಡಣೆಯ ಸಂದಿ ಮುಚ್ಚುವ ಹಳೆ ಗ್ಯಾಸ್ಕೆಟ್ಟನ್ನೇ ಕೂರಿಸಿ ಗಾಳಿ ಸೋರಿಸಿಕೊಳ್ಳುತ್ತಾರೆ. ಇದರಲ್ಲಿ ಯಾವುದೂ ಕಷ್ಟದ ಕೆಲಸವಲ್ಲ, ಆದರೆ ಕ್ರಮ ತಪ್ಪಿದರೆ ಎಂಜಿನ್ ಬಿಚ್ಚಿಸುವ ಖರ್ಚು ಬರುತ್ತದೆ. ಮೂರು ಸಿಲಿಂಡರಿನ ಗಾಡಿಗೆ ಮೊದಲ ಸಲ ಒಂದು ಪೂರ್ತಿ ದಿನ ಎತ್ತಿಡಿ.

## 1. ನಿಮ್ಮ ಗಾಡಿಗೆ ಇದು ಬೇಕೇ?

ಪೆಟ್ರೋಲ್ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಹಳೆ ಆಲ್ಟೊ, ವ್ಯಾಗನ್ ಆರ್, ಟಿಯಾಗೊದಂಥ ಎಂಪಿಎಫ್‌ಐ ಗಾಡಿಗಳಲ್ಲಿ ಇಂಜೆಕ್ಟರ್ ಇಂಟೇಕ್ ಪೋರ್ಟಿನಲ್ಲಿ, ಅಂದರೆ ವಾಲ್ವಿಗೆ ಗಾಳಿ ಬರುವ ದಾರಿಯಲ್ಲಿ, ಇರುತ್ತದೆ. ಪೆಟ್ರೋಲ್ ವಾಲ್ವಿನ ಬೆನ್ನಿಗೆ ಬಡಿದೇ ಒಳಗೆ ಹೋಗುವುದರಿಂದ ವಾಲ್ವ್ ತಾನಾಗಿ ತೊಳೆದುಕೊಳ್ಳುತ್ತಿರುತ್ತದೆ. ಇವಕ್ಕೆ ಟ್ಯಾಂಕಿನ ಕ್ಲೀನರ್ ಕೆಲಸ ಮಾಡುತ್ತದೆ. ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚುವ ಅಗತ್ಯ ಬೀಳುವುದು ಅಪರೂಪ.

ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಟಿಎಸ್‌ಐ, ಹ್ಯುಂಡೈ ಮತ್ತು ಕಿಯಾದ ಟರ್ಬೊ ಜಿಡಿಐ, ಮಹೀಂದ್ರದ ಟಿಜಿಡಿಐ ಎಂಜಿನ್ನುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ. ವಾಲ್ವಿನ ಬೆನ್ನಿಗೆ ಒಂದು ಹನಿಯೂ ತಾಗುವುದಿಲ್ಲ. ಕ್ರ್ಯಾಂಕ್‌ಕೇಸಿನಿಂದ ಹಬೆಯನ್ನು ಗಾಳಿ ದಾರಿಗೆ ಮರಳಿಸುವ ಪಿಸಿವಿ ಪೈಪಿನ ಮೂಲಕ ಬರುವ ಆಯಿಲ್ ಹಬೆ ಮಾತ್ರ ಬಿಸಿ ವಾಲ್ವಿನ ಮೇಲೆ ಕೂತು, ದೋಸೆ ಕಾವಲಿಯ ಅಂಚಿನ ಕರಿಯ ಹಾಗೆ ಪದರ ಪದರವಾಗಿ ಸುಟ್ಟು ಗಟ್ಟಿಯಾಗುತ್ತದೆ. ಟ್ಯಾಂಕಿಗೆ ಏನೇ ಹಾಕಿದರೂ ಅದು ಈ ಜಾಗಕ್ಕೆ ಬರುವುದೇ ಇಲ್ಲ. ಟರ್ಬೊ ಎಂದು ಬರೆದ ಮಾತ್ರಕ್ಕೆ ನೇರ ಇಂಜೆಕ್ಷನ್ ಎಂದುಕೊಳ್ಳಬೇಡಿ. ನೆಕ್ಸಾನ್‌ನ 1.2 ಟರ್ಬೊ ಪೆಟ್ರೋಲ್ ಎಂಜಿನ್ ಮಲ್ಟಿಪಾಯಿಂಟ್ ಇಂಜೆಕ್ಷನ್ನಿನದು, ಅಂದರೆ ಎಂಪಿಎಫ್‌ಐ.

ಡೀಸೆಲ್ ಗಾಡಿಯವರು ಇಲ್ಲಿಗೇ ನಿಲ್ಲಿ. ಅಲ್ಲಿನ ಮಸಿಯ ಮೂಲ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್, ಬಿಚ್ಚುವ ಕ್ರಮವೂ ಬೇರೆ. ಮುಖ್ಯವಾಗಿ, ಓಡುತ್ತಿರುವ ಡೀಸೆಲ್ ಎಂಜಿನ್ನಿನ ಗಾಳಿ ದಾರಿಗೆ ಉರಿಯುವ ಸ್ಪ್ರೇ ಹೊಡೆದರೆ ಎಂಜಿನ್ ಅದನ್ನೇ ಕುಡಿದು ಹಿಡಿತ ತಪ್ಪಿ ರೇಸ್ ಆಗಬಹುದು.

ಮಲೆನಾಡಿನಲ್ಲಿ ಈ ತೊಂದರೆಗೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಮನೆಯಿಂದ ಡೇರಿ, ಡೇರಿಯಿಂದ ಸೊಸೈಟಿ, ಅಲ್ಲಿಂದ ವಾಪಸ್ ಎಂದು ಮೂರು ನಾಲ್ಕು ಕಿಲೋಮೀಟರಿನ ಓಡಾಟವೇ ಹೆಚ್ಚಿದ್ದರೆ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಅದರಲ್ಲಿ ಸೇರಿದ ತೇವ ಮತ್ತು ಪೆಟ್ರೋಲ್ ಆವಿಯಾಗಿ ಹೊರಗೆ ಹೋಗುವಾಗ ಆಯಿಲನ್ನೂ ಹೊತ್ತುಕೊಂಡು ಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಯಿಲ್ ಕ್ಯಾಪ್ ತಿರುಗಿಸಿದರೆ ಒಳಗೆ ಬೆಣ್ಣೆಯಂಥ ಬಿಳಿ ಲೋಳೆ ಕಾಣುವುದು ಇದರಿಂದಲೇ. ಕೂಲೆಂಟ್ ಮಟ್ಟ ಇಳಿಯದಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ತಿಳಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿ ಬೇಡ. ಕೂಲೆಂಟೂ ಇಳಿಯುತ್ತಿದ್ದರೆ ಮಾತ್ರ ವಾಲ್ವಿನ ಯೋಚನೆ ಬಿಟ್ಟು ಅದನ್ನು ನೋಡಿಸಿ.

ವಾರಂಟಿ ಇರುವ ಗಾಡಿಯನ್ನು ಮನೆಯಲ್ಲಿ ಬಿಚ್ಚಬೇಡಿ.

## 2. ರೋಗ ಕಾರ್ಬನ್ನಿನದೇ ಎಂದು ಖಾತ್ರಿ ಮಾಡಿಕೊಳ್ಳಿ

ಕಾರ್ಬನ್ನಿನ ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಗಡಗಡ ನಡುಗಿ, ಕಾದ ಮೇಲೆ ಸರಿಹೋಗುತ್ತದೆ. ಏರಿನಲ್ಲಿ ಪಿಕಪ್ ಕಮ್ಮಿ. ಗಾಡಿಯ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರಿನಲ್ಲಿ ಪಿ0300ರಿಂದ ಪಿ0304ರವರೆಗಿನ ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದಿರುವ) ಕೋಡುಗಳು ಬಂದು ಹೋಗುತ್ತಿರುತ್ತವೆ. ಆದರೆ ಇದೇ ಲಕ್ಷಣ ಪ್ಲಗ್, ಕಾಯಿಲ್, ಗಾಳಿ ಸೋರಿಕೆಗೂ ಇದೆ. ಆದ್ದರಿಂದ ಅಗ್ಗದ್ದನ್ನು ಮೊದಲು ನೋಡಿ.

ಪಿ0301 ಬಂದಿದೆ ಎಂದುಕೊಳ್ಳಿ, ಅಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್. ಒಂದನೆಯದರ ಕಾಯಿಲನ್ನು ಎರಡಕ್ಕೆ, ಎರಡರದನ್ನು ಒಂದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0302 ಬಂದರೆ ತಪ್ಪು ಕಾಯಿಲಿನದು. ಕೋಡ್ ಒಂದರಲ್ಲೇ ಉಳಿದರೆ ಪ್ಲಗ್ಗುಗಳನ್ನೂ ಹೀಗೇ ಅದಲು ಬದಲು ಮಾಡಿ. ಅರ್ಧ ಗಂಟೆಯ ಈ ಕೆಲಸ ಬಿಟ್ಟು ಸೀದಾ ಮ್ಯಾನಿಫೋಲ್ಡಿಗೆ ಕೈ ಹಾಕಿದವರೇ ಹೆಚ್ಚು.

ಗಾಳಿ ಸೋರಿಕೆ ಪತ್ತೆಗೆ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ, ಬರೆದಿಡಿ. ಐಡ್ಲಿಂಗಿನಲ್ಲಿ ಶೇ 10ಕ್ಕಿಂತ ಮೇಲಿದ್ದು, 2,500 ಆರ್‌ಪಿಎಂನಲ್ಲಿ ಕೆಳಗಿಳಿದರೆ ಎಲ್ಲೋ ಪೈಪ್ ಬಿರಿದಿದೆ ಎಂದರ್ಥ.

ಏರ್ ಫಿಲ್ಟರ್ ಡಬ್ಬವನ್ನೂ ತೆರೆದು ನೋಡಿ. ಮಳೆಗಾಲದಲ್ಲಿ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಕಾರಿನ ಬಾನೆಟ್ ಇಲಿಗಳಿಗೆ ಬೆಚ್ಚನೆಯ ಅಟ್ಟ ಇದ್ದ ಹಾಗೆ. ಅಡಿಕೆ ಸಿಪ್ಪೆ, ಹರಿದ ಬಟ್ಟೆ, ಬಾನೆಟ್ಟಿನ ಸ್ಪಂಜು ಸೇರಿಸಿ ಫಿಲ್ಟರಿನ ಮೇಲೇ ಗೂಡು ಕಟ್ಟಿರುತ್ತವೆ. ವೈರು ಕಡಿದಿದ್ದರೂ ಮಿಸ್ಸಿಂಗೇ.

## 3. ಬಿಚ್ಚುವ ಮೊದಲು ಕ್ಯಾಮೆರಾ

ಫೋನಿಗೆ ಸಿಕ್ಕಿಸುವ, ತುದಿ 5.5 ಮಿಲಿಮೀಟರ್ ಇರುವ ಎಂಡೋಸ್ಕೋಪ್ ಕ್ಯಾಮೆರಾ ಸಾಕು. ಥ್ರಾಟಲ್ ಬಾಡಿ (ಒಳಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ) ತೆಗೆದ ದಾರಿಯಲ್ಲೋ, ಮ್ಯಾನಿಫೋಲ್ಡಿನ ಮೇಲಿನ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಬಿಚ್ಚಿದ ತೂತಿನಲ್ಲೋ ಇಳಿಸಿ ವಾಲ್ವಿನವರೆಗೆ ತಲುಪುತ್ತದೆಯೇ ನೋಡಿ. ಪ್ಲಗ್ ತೂತಿನಿಂದ ನೋಡಿದರೆ ಕಾಣುವುದು ವಾಲ್ವಿನ ಮುಖ. ಕಾರ್ಬನ್ ಕೂರುವುದು ಬೆನ್ನಿನಲ್ಲಿ. ಮುಖ ಶುಭ್ರವಾಗಿದೆ ಎಂದು ಸಮಾಧಾನ ಪಟ್ಟುಕೊಳ್ಳುವುದು ಬಹಳ ಜನ ಮಾಡುವ ತಪ್ಪು.

ಕಂಡದ್ದನ್ನು ಹೀಗೆ ಅಳೆಯಿರಿ. ಬರೀ ಕಪ್ಪು ಬಣ್ಣ, ವಾಲ್ವಿನ ಆಕಾರ ಸ್ಪಷ್ಟ: ಮುಚ್ಚಿಬಿಡಿ, ಕೆಲಸವಿಲ್ಲ. ವಾಲ್ವಿನ ಕಾಂಡದ ಸುತ್ತ ಬೆಂಕಿಕಡ್ಡಿಯ ದಪ್ಪಕ್ಕೆ ಹೆಕ್ಕಳೆ ಕಟ್ಟಿದೆ: ಬಿಚ್ಚಿಯೇ ತೊಳೆಯಬೇಕು. ಆಯಿಲ್ ಒದ್ದೆಯಾಗಿ ಹೊಳೆಯುತ್ತಿದೆ: ಪಿಸಿವಿ ವಾಲ್ವ್ ಅಥವಾ ಟರ್ಬೊ ಸೀಲಿನಿಂದ ಆಯಿಲ್ ಹೆಚ್ಚಾಗಿ ಬರುತ್ತಿದೆ. ಮೊದಲು ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ತೊಳೆದದ್ದು ಬೇಗನೆ ಮತ್ತೆ ಕಟ್ಟುತ್ತದೆ.

ತೆಳ್ಳಗೆ ಮೆತ್ತಗೆ ಹಿಡಿದಿದ್ದರೆ ಇಂಟೇಕ್ ವಾಲ್ವ್ ಕ್ಲೀನರ್ ಸ್ಪ್ರೇ ಸಾಕಾಗಬಹುದು. ಎಂಜಿನ್ ಪೂರ್ತಿ ಕಾದಿರಬೇಕು. ಇಬ್ಬರು ಬೇಕು, ಒಬ್ಬರು 2,000 ಆರ್‌ಪಿಎಂ ಹಿಡಿದಿರಬೇಕು. ಏರ್‌ಫ್ಲೋ ಸೆನ್ಸರ್ ದಾಟಿದ ಮೇಲಿನ ಜಾಗದಲ್ಲಿ ಒಂದೊಂದು ಸೆಕೆಂಡ್ ಚಿಮುಕಿಸಿ, ನಡುವೆ ಅರ್ಧ ನಿಮಿಷ ಬಿಡಿ. ಟರ್ಬೊ ಗಾಡಿಯಾದರೆ ಡಬ್ಬಿಯ ಮೇಲೆ ಟರ್ಬೊಗೆ ಹೊಂದುತ್ತದೆ ಎಂದು ಬರೆದಿದೆಯೇ ನೋಡಿ. 3,500 ಆರ್‌ಪಿಎಂ ದಾಟಗೊಡಬೇಡಿ. ಮುಗಿದ ಮೇಲೆ ಬಂದ್ ಮಾಡಿ ಒಂದು ಗಂಟೆ ಬಿಟ್ಟು, ಹೆದ್ದಾರಿಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ. ಗಟ್ಟಿ ಹೆಕ್ಕಳೆಗೆ ಇದು ಏನೂ ಮಾಡುವುದಿಲ್ಲ. ನೀರು ಬಿಡುವುದು, ಸೀಮೆಎಣ್ಣೆ ಕುಡಿಸುವುದು ಎಂದು ಯಾರಾದರೂ ಹೇಳಿದರೆ ಕೇಳಿ ಸುಮ್ಮನಿರಿ.

## 4. ಕೈಗೆ ಬಂದ ಮೇಲೇ ಬಿಚ್ಚಬೇಕಾದ ಸಾಮಾನು

ಹೊಸ ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೊದಲು. ಇದು ಷಾಸಿ ನಂಬರ್ ಕೊಟ್ಟು ತರಿಸಬೇಕಾದ ಸಾಮಾನು. ಶಿವಮೊಗ್ಗದಲ್ಲಿ ಕೇಳಿದ ದಿನವೇ ಸಿಗುತ್ತದೆ ಎಂದು ನಂಬಿಕೊಂಡು ಮ್ಯಾನಿಫೋಲ್ಡ್ ಇಳಿಸಿದರೆ ಗಾಡಿ ವಾರಗಟ್ಟಲೆ ಬಾಯಿ ತೆರೆದು ನಿಂತಿರುತ್ತದೆ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಉಳಿದ ಸಾಮಾನು ಸಿಕ್ಕೀತು, ಆದರೆ ಗ್ಯಾಸ್ಕೆಟನ್ನು ಕಂಪನಿ ಪಾರ್ಟ್ಸ್ ಕೌಂಟರಿನಲ್ಲೇ ಕೇಳಿ.

ಕಾಲಿಂಚು (1/4) ಮತ್ತು ಎಂಟರಲ್ಲಿ ಮೂರು ಇಂಚಿನ (3/8) ರಾಚೆಟ್, ಉದ್ದ ಎಕ್ಸ್‌ಟೆನ್ಷನ್, ಟಾರ್ಕ್ಸ್ ಬಿಟ್ಟುಗಳ ಸೆಟ್ಟು, 5ರಿಂದ 25 ನ್ಯೂಟನ್ ಮೀಟರ್ ತೋರಿಸುವ ಸಣ್ಣ ಟಾರ್ಕ್ ರೆಂಚ್, ಎಂಜಿನ್ನನ್ನು ಕೈಯಿಂದ ತಿರುಗಿಸಲು ಕ್ರ್ಯಾಂಕ್ ಬೋಲ್ಟಿಗೆ ಹೊಂದುವ ಸಾಕೆಟ್. ದೊಡ್ಡ ಟಾರ್ಕ್ ರೆಂಚ್ ಇದ್ದರೆ ಸಾಲದು. 10 ನ್ಯೂಟನ್ ಮೀಟರಿನಷ್ಟು ಸಣ್ಣ ಬಿಗಿತ ಅದರಲ್ಲಿ ಸರಿಯಾಗಿ ಬರುವುದಿಲ್ಲ.

ಕ್ಲೀನರ್ ಮೂರು ಸಿಲಿಂಡರಿಗೆ 500 ಎಂಎಲ್ ಬೇಕಾಗುತ್ತದೆ, ಕೈಯಲ್ಲಿ ಇನ್ನೊಂದು ಡಬ್ಬಿ ಇರಲಿ. ಇಂಟೇಕ್ ಅಥವಾ ಥ್ರಾಟಲ್ ಬಾಡಿಗೆಂದೇ ಮಾಡಿದ್ದನ್ನು ತನ್ನಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡ, ಬಿಸಿಗೆ ಅದರಿಂದ ವಿಷದ ಹೊಗೆ ಏಳುತ್ತದೆ.

ಉಜ್ಜಲು ನೈಲಾನ್ ಬ್ರಷ್ಷುಗಳು, ಕೆರೆಯಲು ಗಟ್ಟಿ ಪ್ಲಾಸ್ಟಿಕ್ ಅಥವಾ ಬಿದಿರಿನ ಕಡ್ಡಿ. ಸ್ಟೀಲ್ ವೈರ್ ಬ್ರಷ್ ಬೇಡವೇ ಬೇಡ. ಅದರ ಒಂದು ಎಳೆ ಮುರಿದು ವಾಲ್ವ್ ಸೀಟಿನ (ಮುಚ್ಚಿದಾಗ ವಾಲ್ವ್ ಕೂರುವ ಬಳೆಯ) ಸಂದಿಗೆ ಬಿದ್ದರೆ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಡ್ರಿಲ್ಲಿಗೆ ಸಿಕ್ಕಿಸುವ ಬ್ರಷ್ಷೂ ವಾಲ್ವಿನ ಕಾಂಡ, ಗೈಡುಗಳನ್ನು ಗೀರುತ್ತದೆ.

ಕೊಳೆ ದ್ರವ ಹೀರಲು ದನದ ಔಷಧಿ ಅಂಗಡಿಯಲ್ಲಿ ಸಿಗುವ 50 ಎಂಎಲ್ ಸಿರಿಂಜು, ಅದರ ತುದಿಗೆ ಒಂದು ಗೇಣು ಡ್ರಿಪ್ ಪೈಪು. ವ್ಯಾಕ್ಯೂಮ್ ಕ್ಲೀನರ್ ಇದ್ದರೂ ಅದನ್ನು ದ್ರವಕ್ಕೆ ಹಿಡಿಯಬೇಡಿ. ಮೋಟಾರಿನ ಕಿಡಿಗೆ ಒಳಗೆ ತುಂಬಿದ ಆವಿ ಹೊತ್ತಿಕೊಳ್ಳುತ್ತದೆ. ಮನೆಗೆ ಬೆಂಕಿ ಬೀಳಿಸುವ ತಪ್ಪು ಈ ಕೆಲಸದಲ್ಲಿ ಯಾವುದಾದರೂ ಇದ್ದರೆ ಅದು ಇದು. ಪೂರ್ತಿ ಒಣಗಿದ ಪುಡಿ ಎಳೆಯಲು ಮಾತ್ರ ಅದನ್ನು ಬಳಸಿ.

ಜೊತೆಗೆ ನೈಟ್ರೈಲ್ ಕೈಗವಸು, ಕನ್ನಡಕ, ಎಳೆ ಬಿಡದ ಬಟ್ಟೆ, ತಲೆಗೆ ಕಟ್ಟುವ ಟಾರ್ಚು, ಮುಚ್ಚಳವಿರುವ ಒಂದು ಖಾಲಿ ಡಬ್ಬ.

## 5. ದಿನ ಮತ್ತು ಜಾಗ

ಆರಿದ್ರೆ ಮಳೆ ಹೊಯ್ಯುವಾಗ ಈ ಕೆಲಸಕ್ಕೆ ಕೂರಬೇಡಿ. ಪೋರ್ಟುಗಳು ಇಡೀ ದಿನ ತೆರೆದಿರುತ್ತವೆ. ಆ ತೇವದಲ್ಲಿ ಕ್ಲೀನರ್ ಆರುವುದಿಲ್ಲ, ಕರೆಂಟೂ ಇರುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನ ಒಳ್ಳೆಯದು. ನೆಲ ಸಮತಟ್ಟಾಗಿರಲಿ, ಗಾಳಿ ಆಡುವ ಕಡೆ ಇರಲಿ.

ಬಚ್ಚಲೊಲೆ ಎಲ್ಲಿದೆ ನೋಡಿಕೊಳ್ಳಿ. ಮಲೆನಾಡಿನ ಮನೆಗಳಲ್ಲಿ ಹಂಡೆ ಒಲೆ ದಿನವಿಡೀ ಕನಲುತ್ತಿರುತ್ತದೆ, ಕಾರು ನಿಲ್ಲಿಸುವುದೂ ಹೆಚ್ಚಾಗಿ ಆ ಪಕ್ಕಕ್ಕೇ. ಕ್ಲೀನರಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಒಲೆ ಮುಟ್ಟುತ್ತದೆ. ಅಡಿಕೆ ಬೇಯಿಸುವ ಒಲೆಯೂ ಅಷ್ಟೇ. ಬಾಯಲ್ಲಿ ಕವಳ ಇದ್ದರೆ ಇರಲಿ, ಬೀಡಿ ಬೇಡ.

ಎಂಜಿನ್ ರಾತ್ರಿಯಿಡೀ ಆರಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಪಕ್ಕಕ್ಕೆ ಕಟ್ಟಿ. ನೇರ ಇಂಜೆಕ್ಷನ್ನಿನ ಸ್ಟೀಲ್ ಪೆಟ್ರೋಲ್ ಪೈಪಿನೊಳಗಿನ ಒತ್ತಡ ಎಂಜಿನ್ನಿಗೆ ತಕ್ಕಂತೆ 150ರಿಂದ 350 ಬಾರ್. ಚರ್ಮ ತೂರಿ ಒಳಗೆ ಹೋಗುವಷ್ಟು ಬಲ ಅದು. ನಿಮ್ಮ ಗಾಡಿಯ ಮ್ಯಾನಿಫೋಲ್ಡ್ ಹೊರಗೆ ಬರಲು ಆ ಪೈಪನ್ನೇ ಬಿಚ್ಚಬೇಕು ಎಂದಾದರೆ ಇದು ಮನೆ ಕೆಲಸವಲ್ಲ, ಗ್ಯಾರೇಜಿಗೆ ಕೊಡಿ.

## 6. ಮ್ಯಾನಿಫೋಲ್ಡ್ ಇಳಿಸುವುದು

ಮೊದಲು ಹೊರಗಿನ ಕೊಳೆ. ಮ್ಯಾನಿಫೋಲ್ಡ್ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ಕೂಡುವ ಅಂಚಿನಲ್ಲಿ ಕೆಮ್ಮಣ್ಣಿನ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಒರೆಸದೆ ಎತ್ತಿದರೆ ಆ ಮಣ್ಣೆಲ್ಲ ಪೋರ್ಟಿಗೆ ಉದುರುತ್ತದೆ. ಬ್ರಷ್ಷಿನಲ್ಲಿ ಕೆದಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಪಾನಾ ಹಿಡಿಯಿರಿ.

ಪ್ರತಿ ಹೆಜ್ಜೆಗೂ ಫೋಟೊ ತೆಗೆಯಿರಿ. ಗಾಳಿ ಪೈಪು, ಥ್ರಾಟಲ್ ಬಾಡಿಯ ಕನೆಕ್ಟರ್, ಮ್ಯಾಪ್ ಸೆನ್ಸರ್, ಪಿಸಿವಿ ಹೋಸು, ಪೆಟ್ರೋಲ್ ಆವಿಯ ಪರ್ಜ್ ಪೈಪು, ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪು, ಈ ಕ್ರಮದಲ್ಲಿ ಬಿಡಿಸಿ. ಬ್ರೇಕ್ ಪೈಪಿಗೆ ಕೆಂಪು ಟೇಪ್ ಸುತ್ತಿ, ಜೋಡಿಸುವಾಗ ಮರೆಯಬಾರದ್ದು ಅದೊಂದೇ.

1.0 ಟಿಎಸ್‌ಐ ಎಂಜಿನ್ನಿನವರು ಗಮನಿಸಬೇಕಾದ್ದು: ಅದರ ಇಂಟರ್‌ಕೂಲರ್ ಮ್ಯಾನಿಫೋಲ್ಡಿನೊಳಗೇ ಕೂತಿದೆ, ಕೂಲೆಂಟ್ ಹರಿಯುವ ಥರದ್ದು. ಆ ಕೂಲೆಂಟ್ ಪೈಪುಗಳನ್ನು ಮೊದಲು ಖಾಲಿ ಮಾಡದೆ ಎಳೆದರೆ ನೇರಳೆ ನೀರು ಪೋರ್ಟಿಗೇ ಸುರಿಯುತ್ತದೆ.

ಬೋಲ್ಟುಗಳನ್ನು ತುದಿಯಿಂದ ನಡುವಿಗೆ, ಒಂದೊಂದನ್ನು ಅರ್ಧ ಸುತ್ತಿನಂತೆ ಸಡಿಲಿಸುತ್ತ ಬನ್ನಿ. ಎಲ್ಲ ಬಿಚ್ಚಿದರೂ ಮ್ಯಾನಿಫೋಲ್ಡ್ ಅಲ್ಲಾಡದಿದ್ದರೆ ಕೆಳಗೆಲ್ಲೋ ಇನ್ನೊಂದು ಬೋಲ್ಟ್ ಅಥವಾ ಬ್ರಾಕೆಟ್ ಇದೆ ಎಂದರ್ಥ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಪ್ಲಾಸ್ಟಿಕ್ ಅಂಚು ಬಿರಿಯುತ್ತದೆ.

ಹೊರಗೆ ಬಂದ ಕ್ಷಣವೇ ಪ್ರತಿ ಪೋರ್ಟಿಗೂ ಬಟ್ಟೆ ತುರುಕಿ. ಎಷ್ಟು ಬಟ್ಟೆ ಹಾಕಿದಿರಿ ಎಂದು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿ.

## 7. ವಾಲ್ವ್ ಮುಚ್ಚಿಸುವುದು: ಎಲ್ಲರೂ ಸೋಲುವ ಜಾಗ

ಮೊದಲು ಒಂದು ಲೆಕ್ಕ. 999 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಎಂದರೆ ಒಂದೊಂದು ಸಿಲಿಂಡರ್ 333 ಸಿಸಿ. ಕಂಪ್ರೆಷನ್ ಅನುಪಾತ 10:1 ಇದ್ದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 37 ಎಂಎಲ್. ಒಂದು ಸಣ್ಣ ಲೋಟದ ಕಾಲು ಭಾಗ. ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಅಷ್ಟು ಕ್ಲೀನರ್ ಒಳಗಿದ್ದು ಸೆಲ್ಫ್ ಹೊಡೆದರೆ ಪಿಸ್ಟನ್ನಿಗೆ ಮೇಲೆ ಬರಲು ಜಾಗವಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀವು ಒಂದು ಸಲಕ್ಕೆ ಸುರಿಯುವುದೇ ಸುಮಾರು 30 ಎಂಎಲ್ ಎಂಬುದನ್ನು ನೆನಪಿಡಿ.

ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಆಗ ಎಂಜಿನ್ ಹಗುರವಾಗಿ ತಿರುಗುತ್ತದೆ. ಮುಂದಿನ ಬಲಗಾಲಿ ಮತ್ತು ಅದರ ಒಳಗಿನ ಪ್ಲಾಸ್ಟಿಕ್ ಮರೆ ತೆಗೆದರೆ ಹೆಚ್ಚಿನ ಗಾಡಿಗಳಲ್ಲಿ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಕಾಣುತ್ತದೆ. ಜ್ಯಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಗೇರ್ ನ್ಯೂಟ್ರಲಿನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕಿನಲ್ಲಿರಲಿ. ಸಾಕೆಟ್ ಹಾಕಿ ಪುಲ್ಲಿಯನ್ನು ಎಂಜಿನ್ ತಿರುಗುವ ದಿಕ್ಕಿಗೇ, ಅಂದರೆ ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕಿಗೆ, ತಿರುಗಿಸಿ. ಸ್ವಲ್ಪ ಮುಂದೆ ಹೋಯಿತೆಂದು ಹಿಂದಕ್ಕೆ ತಿರುಗಿಸಬೇಡಿ, ಟೈಮಿಂಗ್ ಚೈನ್ ಅಥವಾ ಬೆಲ್ಟ್ ಸಡಿಲಾಗಿ ಹಲ್ಲು ಹಾರಬಹುದು. ಇನ್ನೆರಡು ಸುತ್ತು ಮುಂದಕ್ಕೇ ಬನ್ನಿ.

ಒಂದನೇ ಸಿಲಿಂಡರ್ ಕಂಪ್ರೆಷನ್ ಮುಗಿಸಿ ಪಿಸ್ಟನ್ ಮೇಲಿರುವ ಸ್ಥಿತಿಗೆ ತನ್ನಿ. ಪ್ಲಗ್ ತೂತಿಗೆ ಬೆರಳಿಟ್ಟುಕೊಂಡು ತಿರುಗಿಸಿದರೆ ಗಾಳಿ ಬೆರಳನ್ನು ತಳ್ಳುವುದು ಗೊತ್ತಾಗುತ್ತದೆ, ಬೆರಳು ಒಳಗೆ ಹೋಗದಿದ್ದರೆ ಒದ್ದೆ ಬಟ್ಟೆ ಒತ್ತಿ. ಆಮೇಲೆ ಒಂದು ಉದ್ದ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು, ಅದು ಮೇಲೆ ಬಂದು ನಿಲ್ಲುವ ಜಾಗ ನೋಡಿ. ಲೋಹದ ಕಡ್ಡಿ ಬೇಡ.

ಈಗ ಲೆಕ್ಕ ಸುಲಭ. ಸಿಲಿಂಡರುಗಳು 1-3-4-2 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಈ ಸ್ಥಿತಿಯಲ್ಲಿ ಒಂದು ಮತ್ತು ಎರಡನೆಯದರ ಇಂಟೇಕ್ ವಾಲ್ವುಗಳು ಮುಚ್ಚಿರುತ್ತವೆ. ಅವನ್ನು ತೊಳೆದು ಮುಗಿಸಿ. ಪೂರ್ತಿ ಒಂದು ಸುತ್ತು, 360 ಡಿಗ್ರಿ, ತಿರುಗಿಸಿದರೆ ಮೂರು ಮತ್ತು ನಾಲ್ಕು ಮುಚ್ಚುತ್ತವೆ. ಮೂರು ಸಿಲಿಂಡರಿನ 1-2-3 ಕ್ರಮದಲ್ಲಾದರೆ ಮೊದಲ ಸ್ಥಿತಿಯಲ್ಲಿ ಒಂದು ಮತ್ತು ಮೂರು, ಅಲ್ಲಿಂದ 240 ಡಿಗ್ರಿ ತಿರುಗಿಸಿದ ಮೇಲೆ ಎರಡು. ಕೆಲವು ಮೂರು ಸಿಲಿಂಡರ್ ಎಂಜಿನ್ನುಗಳ ಕ್ರಮ 1-3-2 ಇರುತ್ತದೆ, ಅಲ್ಲಿ ಎರಡು ಮತ್ತು ಮೂರರ ಜಾಗ ಅದಲು ಬದಲು.

ಲೆಕ್ಕ ಎಷ್ಟೇ ಸರಿಯಿದ್ದರೂ ಕಣ್ಣಿನಿಂದ ನೋಡದೆ ನಂಬಬೇಡಿ. ಪ್ಲಗ್ ತೂತಿನಿಂದ ಟಾರ್ಚು ಬಿಟ್ಟು ಪೋರ್ಟಿನ ಕಡೆಯಿಂದ ನೋಡಿ, ವಾಲ್ವಿನ ಸುತ್ತ ಬೆಳಕಿನ ಗೆರೆ ಕಂಡರೆ ಅದು ತೆರೆದಿದೆ. ಕಾಣದಿದ್ದರೆ 5 ಎಂಎಲ್ ಕ್ಲೀನರ್ ಬಿಟ್ಟು ಹತ್ತು ನಿಮಿಷ ಕಾಯಿರಿ. ಮಟ್ಟ ಇಳಿದರೆ ಅಲ್ಲಿ ಸೋರುತ್ತಿದೆ. 5 ಎಂಎಲ್ ಇಳಿದರೆ ತೊಂದರೆಯಿಲ್ಲ, ಸಿರಿಂಜಿನಿಂದ ಪ್ಲಗ್ ತೂತಿನ ಮೂಲಕ ಹೀರಿ ಒಣಗಲು ಬಿಟ್ಟರೆ ಸರಿ. ಮುಚ್ಚಿದ ಸ್ಥಿತಿಯಲ್ಲೂ ಸೋರುತ್ತಿದ್ದರೆ ಸೀಟಿನ ಮೇಲೇ ಕಾರ್ಬನ್ ಸಿಕ್ಕಿಕೊಂಡಿದೆ. ಆ ಸಿಲಿಂಡರಿಗೆ ನೆನೆಸುವ ವಿಧಾನ ಬೇಡ, ಒಣಗಿರುವಂತೆಯೇ ಕೆರೆದು ಪುಡಿ ಎಳೆಯಿರಿ.

## 8. ನೆನೆಸುವುದು, ಉಜ್ಜುವುದು, ಹೀರುವುದು

ಒಂದು ಸಲಕ್ಕೆ ಒಂದೇ ಸಿಲಿಂಡರ್. ಉಳಿದ ಪೋರ್ಟುಗಳಿಗೆ, ಪ್ಲಗ್ ತೂತುಗಳಿಗೆ ಬಟ್ಟೆ ಹಾಕಿಯೇ ಇರಲಿ.

ಒಣ ಪುಡಿಯನ್ನು ಮೊದಲು ಕಡ್ಡಿಯಿಂದ ಕೆರೆದು ತೆಗೆಯಿರಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಕ್ಲೀನರೂ ಉಳಿಯುತ್ತದೆ. ಆಮೇಲೆ ವಾಲ್ವಿನ ಬೆನ್ನು ಮುಳುಗುವಷ್ಟು, 20ರಿಂದ 30 ಎಂಎಲ್, ನಿಧಾನವಾಗಿ ಬಿಡಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಹೊಂಬಣ್ಣದ ದ್ರವ ಕಾಫಿ ಗಸಿಯಂತಾಗಿರುತ್ತದೆ. ಆಗ ಕಾಂಡದ ಸುತ್ತ, ವಾಲ್ವಿನ ಬೆನ್ನಿನ ಇಳಿಜಾರಿನಲ್ಲಿ, ಪೋರ್ಟಿನ ಗೋಡೆಗೆ ನೈಲಾನ್ ಬ್ರಷ್ ಆಡಿಸಿ. ಕೈ ಹೋಗದ ಹಿಂಬದಿಗೆ ಬ್ರಷ್ಷಿನ ತುದಿಯನ್ನು ಬಗ್ಗಿಸಿಕೊಳ್ಳಿ. ಮುಂದಿನ ಅರ್ಧ ಥಳಥಳ ಹೊಳೆದು ಹಿಂದಿನ ಅರ್ಧ ಹಾಗೇ ಉಳಿಯುವುದು ಇಲ್ಲಿ ಮಾಮೂಲು, ಕ್ಯಾಮೆರಾ ತಿರುಗಿಸಿ ನೋಡದಿದ್ದರೆ ಗೊತ್ತಾಗುವುದೂ ಇಲ್ಲ.

ಸಿರಿಂಜಿನಿಂದ ಹೀರಿ ಡಬ್ಬಕ್ಕೆ ಹಾಕಿ. ಹೀರಿದ್ದು ಸುರಿದಷ್ಟೇ ಇದೆಯೇ ಎಂದು ಸಿರಿಂಜಿನ ಗೆರೆಯಲ್ಲಿ ಅಳೆಯಿರಿ. 30 ಹಾಕಿ 12 ಬಂದರೆ ಉಳಿದದ್ದು ಸಿಲಿಂಡರಿನಲ್ಲಿದೆ. ಒಂದೆರಡು ಎಂಎಲ್ ಆವಿಯಾಗುತ್ತದೆ, ಅಷ್ಟೇ. ಈ ಅಳತೆ ಇಡುವವರು ಬಹಳ ಕಡಿಮೆ.

ಹೀಗೆ ಮೂರು ನಾಲ್ಕು ಸುತ್ತು ಬೇಕಾಗುತ್ತದೆ. ನಾಲ್ಕನೆಯದಕ್ಕೂ ಬಿಡದ ತೇಪೆಯನ್ನು ಚಾಕುವಿನಿಂದ ಕೆತ್ತಲು ಹೋಗಬೇಡಿ. ವಾಲ್ವ್ ಹೊಸದರಂತೆ ಹೊಳೆಯಬೇಕಿಲ್ಲ, ಗಾಳಿಯ ದಾರಿ ನುಣುಪಾದರೆ ಸಾಕು.

ಕೊನೆಯ ಸುತ್ತಿನ ನಂತರ ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಒರೆಸಿ, ಒಂದು ಗಂಟೆ ಆರಲು ಬಿಡಿ. ವಾಲ್ವ್ ಮತ್ತು ಸೀಟು ಸೇರುವ ಸುತ್ತಿನ ಸಂದಿಯಲ್ಲಿ ಸಣ್ಣ ಚೂರುಗಳು ಕೂತಿರುತ್ತವೆ, ಅವನ್ನು ಒಣಗಿದ ಮೇಲೆ ವ್ಯಾಕ್ಯೂಮಿನಿಂದ ಎಳೆಯಿರಿ. ಆ ಪೋರ್ಟ್ ಪೂರ್ತಿ ಒಣಗಿ, ಚೂರು ಇಲ್ಲ ಎಂದಾಗುವವರೆಗೆ ಕ್ರ್ಯಾಂಕನ್ನು ಒಂದು ಡಿಗ್ರಿಯೂ ತಿರುಗಿಸಬಾರದು. ತಿರುಗಿಸಿದರೆ ವಾಲ್ವ್ ತೆರೆದು ಚೂರು ಸೀಟಿನ ನಡುವೆ ಸಿಗುತ್ತದೆ, ಕಂಪ್ರೆಷನ್ ಸೋರಿ ಕ್ರಮೇಣ ವಾಲ್ವಿನ ಅಂಚು ಸುಡುತ್ತದೆ.

## 9. ಅಕ್ರೋಟು ಸಿಪ್ಪೆಯ ಬ್ಲಾಸ್ಟಿಂಗ್ ಬಗ್ಗೆ

ಗ್ಯಾರೇಜುಗಳಲ್ಲಿ ಪುಡಿ ಮಾಡಿದ ಅಕ್ರೋಟು ಸಿಪ್ಪೆಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುತ್ತಾರೆ. ಫಲಿತಾಂಶ ಇದಕ್ಕಿಂತ ಒಳ್ಳೆಯದು. ಆದರೆ 80ರಿಂದ 100 ಪಿಎಸ್‌ಐ ಬಿಡದೆ ಕೊಡುವ ಕಂಪ್ರೆಸ್ಸರ್, ನಿಮ್ಮ ಪೋರ್ಟಿಗೆ ಹೊಂದುವ ಅಡಾಪ್ಟರ್, ಅದೇ ವೇಗದಲ್ಲಿ ಎಳೆಯುವ ವ್ಯಾಕ್ಯೂಮ್ ಮೂರೂ ಬೇಕು. ನಮ್ಮ ಕಡೆಯ ತೇವದಲ್ಲಿ ಕಂಪ್ರೆಸ್ಸರಿನ ಟ್ಯಾಂಕಿನಲ್ಲಿ ನೀರು ನಿಂತು ಸಿಪ್ಪೆ ಗಂಟಾಗಿ ಗನ್ ಕಟ್ಟಿಕೊಳ್ಳುತ್ತದೆ. ವಾಟರ್ ಸೆಪರೇಟರ್ ಇಲ್ಲದೆ ಶುರು ಮಾಡಬೇಡಿ. ಔಷಧಿ ಹೊಡೆಯುವ ಪಂಪಿನ ಎಂಜಿನ್ ಇದಕ್ಕೆ ಬಾರದು. ಸಿಪ್ಪೆಯ ಬದಲು ಮರಳು ಹಾಕಿದರೆ ಸಿಲಿಂಡರಿನ ಒಳಗೋಡೆ ಗೀರಿಹೋಗುತ್ತದೆ. ಒಂದು ಸಲದ ಕೆಲಸಕ್ಕೆ ಇಷ್ಟೆಲ್ಲ ಕೊಳ್ಳುವುದಕ್ಕಿಂತ ಗ್ಯಾರೇಜಿನಲ್ಲಿ ಮಾಡಿಸುವುದು ಲೇಸು.

## 10. ಮರಳಿ ಜೋಡಿಸುವುದು

ಹೆಡ್ಡಿನ ಮತ್ತು ಮ್ಯಾನಿಫೋಲ್ಡಿನ ಅಂಚುಗಳನ್ನು ಒರೆಸಿ. ಮ್ಯಾನಿಫೋಲ್ಡಿನೊಳಗೆ ಆಯಿಲ್ ನಿಂತಿದ್ದರೆ ಬೋರಲು ಹಾಕಿ ಬಸಿಯಿರಿ. ಥ್ರಾಟಲ್ ಬಾಡಿಯನ್ನು ಬಟ್ಟೆಗೆ ಕ್ಲೀನರ್ ಹಾಕಿ ಒರೆಸಬಹುದು, ಆದರೆ ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ಒತ್ತಬೇಡಿ, ಒಳಗಿನ ಗೇರ್ ಮುರಿಯುತ್ತದೆ.

ಪೋರ್ಟಿನಿಂದ ಬಟ್ಟೆ ತೆಗೆಯುವಾಗ ಚೀಟಿಯ ಲೆಕ್ಕಕ್ಕೆ ತಾಳೆ ನೋಡಿ. ಹೊಸ ಗ್ಯಾಸ್ಕೆಟನ್ನು ಒಣದಾಗಿಯೇ ಕೂರಿಸಿ, ಸಿಲಿಕಾನ್ ಬಳಿಯಬೇಡಿ. ಉಕ್ಕಿ ಬಂದ ಸಿಲಿಕಾನ್ ಹರಿದು ವಾಲ್ವಿಗೆ ಹೋಗುತ್ತದೆ. ಬೋಲ್ಟುಗಳನ್ನು ಈಗ ನಡುವಿನಿಂದ ತುದಿಗೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ 6 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದೇ ಸರಿ.

ಬ್ರೇಕ್ ಬೂಸ್ಟರ್ ಪೈಪು, ಕೆಂಪು ಟೇಪಿನದು, ಕೂತಿತೇ?

## 11. ಮೊದಲ ಸ್ಟಾರ್ಟ್

ಪ್ಲಗ್ ಹಾಕುವ ಮೊದಲು ಕ್ಯಾಮೆರಾ ಇಳಿಸಿ ಪಿಸ್ಟನ್ ಮೇಲೆ ದ್ರವ ನಿಂತಿಲ್ಲ ಎಂದು ನೋಡಿ. ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ.

ಆಮೇಲೆ ಬ್ಯಾಟರಿ ಕೊಟ್ಟು, ಕಾಯಿಲ್ ಕನೆಕ್ಟರುಗಳನ್ನು ಬಿಡಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್ಗುಗಳಿಲ್ಲದೆಯೇ ಐದೈದು ಸೆಕೆಂಡಿನಂತೆ ಎರಡು ಸಲ ಸೆಲ್ಫ್ ಹೊಡೆಯಿರಿ. ಉಳಿದ ಹನಿ ಪ್ಲಗ್ ತೂತಿನಿಂದ ಚಿಮ್ಮಿ ಹೊರಬರುತ್ತದೆ, ಬಾನೆಟ್ ಮೇಲೆ ಬಗ್ಗಿ ನೋಡುತ್ತ ನಿಲ್ಲಬೇಡಿ. ಚಿಮ್ಮಿದ್ದು ಒಣಗಿದ ನಂತರ ಪ್ಲಗ್, ಕಾಯಿಲ್, ಫ್ಯೂಸ್ ಎಲ್ಲ ಹಾಕಿ.

ಕೀ ಆನ್ ಮಾಡಿ ಅರ್ಧ ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಒಂದೆರಡು ನಿಮಿಷ ಬಿಳಿ ಹೊಗೆ, ತುಸು ನಡುಕ ಇದ್ದರೆ ಸಹಜ. ಐಡ್ಲಿಂಗ್ ಸ್ವಲ್ಪ ಏರಿಳಿಯುವುದೂ ಥ್ರಾಟಲ್ ಹೊಸದಾಗಿ ಕಲಿಯುವವರೆಗೆ ಇರುತ್ತದೆ. ಕೆಲವು ಗಾಡಿಗಳಿಗೆ ಇದನ್ನು ಸ್ಕ್ಯಾನರಿನಿಂದಲೇ ಕಲಿಸಬೇಕು.

ತಕ್ಷಣ ಬಂದ್ ಮಾಡಬೇಕಾದ ಸೂಚನೆಗಳು: ಚೆಕ್ ಎಂಜಿನ್ ದೀಪ ಮಿಣುಕುವುದು, ಅಂದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತಿದೆ. ಒಳಗಿನಿಂದ ಟಣ್ ಟಣ್ ಎಂಬ ಲೋಹದ ಬಡಿತ. ಐದು ನಿಮಿಷ ಕಳೆದರೂ ನಿಲ್ಲದ ನೀಲಿ ಹೊಗೆ. ಸುಯ್ ಎಂಬ ಶಬ್ದ, ಜೊತೆಗೆ ಐಡ್ಲಿಂಗ್ 1,200ಕ್ಕಿಂತ ಕೆಳಗೆ ಇಳಿಯದಿದ್ದರೆ ಗ್ಯಾಸ್ಕೆಟ್ ಅಥವಾ ಪೈಪು ಸರಿಯಾಗಿ ಕೂತಿಲ್ಲ. ಸೋರಿಕೆ ಹುಡುಕಲು ಕಾದ ಎಂಜಿನ್ನಿನ ಮೇಲೆ ಕಾರ್ಬ್ ಕ್ಲೀನರ್ ಹೊಡೆಯುವ ಅಭ್ಯಾಸ ಬಿಡಿ, ಹೊತ್ತಿಕೊಳ್ಳುತ್ತದೆ. ಗಿಡಕ್ಕೆ ಹೊಡೆಯುವ ಸಣ್ಣ ಬಾಟಲಿಯಲ್ಲಿ ನೀರು ಚಿಮುಕಿಸಿದರೆ, ಸೋರುವ ಜಾಗಕ್ಕೆ ತಾಗಿದಾಗ ಐಡ್ಲಿಂಗ್ ಬದಲಾಗುತ್ತದೆ.

ಗಾಡಿ ಕದಲಿಸುವ ಮೊದಲು ಬ್ರೇಕ್ ಒತ್ತಿ. ಪೆಡಲ್ ಕಲ್ಲಿನಂತಿದ್ದರೆ ಬೂಸ್ಟರ್ ಪೈಪು ಹಾಕಿಲ್ಲ. ಸರಿಯಿದ್ದರೆ ಆಯನೂರಿನವರೆಗೆ 2,500ರಿಂದ 3,000 ಆರ್‌ಪಿಎಂನಲ್ಲಿ ಹೋಗಿ ಬನ್ನಿ, ಉಳಿದ ಪುಡಿ ಸುಟ್ಟು ಹೋಗುತ್ತದೆ. ಆಗುಂಬೆ, ಹುಲಿಕಲ್ ಘಾಟಿ ಅವತ್ತು ಬೇಡ.

## 12. ಆ ವಾರದೊಳಗೆ

ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ. ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಕ್ಲೀನರ್ ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಇಳಿದಿರುತ್ತದೆ, ಆಯಿಲ್ ತೆಳುವಾಗುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ ನೋಡಿ, ಎರಡನೇ ಹಂತದಲ್ಲಿ ಬರೆದಿಟ್ಟ ಅಂಕಿಗಿಂತ ಸೊನ್ನೆಗೆ ಹತ್ತಿರ ಬಂದಿರಬೇಕು. ಪಿ0171 ಬಂದರೆ ಗಾಳಿ ಸೋರಿಕೆ, ಮತ್ತೆ ಗ್ಯಾಸ್ಕೆಟ್ ಕಡೆಗೇ ಹೋಗಿ. ಬೋಲ್ಟುಗಳನ್ನು ಸುಮ್ಮನೆ ಇನ್ನಷ್ಟು ಬಿಗಿ ಮಾಡುತ್ತ ಕೂರಬೇಡಿ.

ಪಿಸಿವಿ ವಾಲ್ವ್ ಹಳೆಯದಾಗಿದ್ದರೆ ಬದಲಾಯಿಸಿ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ಬಿಡದೆ ಓಡಿಸಿದರೆ ಆಯಿಲಿನ ತೇವ ಆರುತ್ತದೆ, ಮಳೆಗಾಲದಲ್ಲಿ ಇದು ಹೆಚ್ಚು ಮುಖ್ಯ.

ಡಬ್ಬದಲ್ಲಿ ಕೂಡಿಟ್ಟ ಕರಿ ದ್ರವವನ್ನು ತೋಟದ ಕಪ್ಪಿಗೋ (ನೀರು ಬಸಿಯುವ ಕಾಲುವೆಗೋ) ಚರಂಡಿಗೋ ಚೆಲ್ಲಬೇಡಿ, ಅದು ಬಾವಿಗೆ ಇಳಿಯುತ್ತದೆ. ಮುಚ್ಚಳ ಬಿಗಿ ಮಾಡಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಹೊಸ ಆಯಿಲ್ ಹಾಕಿಸಲು ಹೋದಾಗ ಜೊತೆಗೇ ಕೊಟ್ಟುಬನ್ನಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಬಯಲಿನಲ್ಲಿ ಹರಡಿ ಒಣಗಿಸಿ.